ಬಿಸಿಯಾಗದ ರೋಲರ್

ನಮ್ಮ ಲಾಂಡ್ರಿಯಲ್ಲಿ ಮೊದಲು ಬಿಸಿಯಾಗದ ರೋಲರ್ ಒಂದಿತ್ತು.

ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ನಮ್ಮದು. ಒಗೆದ ಚಾದರವನ್ನು ಇಬ್ಬರು ಅಕ್ಕಪಕ್ಕ ನಿಂತು, ಒಂದೊಂದು ಮೂಲೆ ಹಿಡಿದು, ರೋಲರ್ ಬಾಯಿಗೆ ಕೊಡಬೇಕು. ಅದು ಎಳೆದುಕೊಂಡು, ಒಣಗಿಸಿ, ಇಸ್ತ್ರಿ ಮಾಡಿ ಆ ಕಡೆ ಬಿಡುತ್ತದೆ. ಎಳೆದುಕೊಳ್ಳುವುದಕ್ಕೆ ಅದಕ್ಕೆ ಚಾದರವಾದರೂ ಆದೀತು, ಕೈಯಾದರೂ ಆದೀತು. ಆದ್ದರಿಂದ ಹೊಸಬರನ್ನು ಯಾರೂ ನೇರವಾಗಿ ಅದರ ಮುಂದೆ ನಿಲ್ಲಿಸುತ್ತಿರಲಿಲ್ಲ. ಹಿಂದಿನ ಓಣಿಯ ಕಡೆಗೆ ಒಂದು ಉದ್ದನೆಯ ಕೋಣೆಯಿತ್ತು. ಬಾಗಿಲ ಮೇಲೆ ‘ತರಬೇತಿ ವಿಭಾಗ’ ಎಂದು ಬರೆದಿತ್ತು. ನಾವು ಅದನ್ನು ಶಾಲೆ ಅನ್ನುತ್ತಿದ್ದೆವು. ಅಲ್ಲಿ ಹಬೆಯ ಕೊಳವೆ ಕತ್ತರಿಸಿ ಹಾಕಿದ ಒಂದು ಹಳೆಯ ರೋಲರ್ ಇತ್ತು. ತಿರುಗುತ್ತಿತ್ತು, ಆದರೆ ಮೆಲ್ಲಗೆ. ಬಿಸಿಯಾಗುತ್ತಿರಲಿಲ್ಲ.

ಶಾಲೆ ನಡೆಸುತ್ತಿದ್ದವರು ಮೇಷ್ಟ್ರು. ಅವರೂ ಮೊದಲು ರೋಲರ್ ಮುಂದೆ ನಿಂತೇ ಬೆನ್ನು ಬಗ್ಗಿಸಿಕೊಂಡವರು. ಮೊದಲ ದಿನ ಬಟ್ಟೆಚೂರು ತುಂಬಿದ ಒಂದು ಕೈಗವಸನ್ನು ತಂದು, “ಇದು ನಿಮ್ಮ ಕೈ ಅಂದ್ಕೊಳಿ ತಾಯಿ” ಎಂದು ರೋಲರಿಗೆ ಕೊಡುತ್ತಿದ್ದರು. ಅದು ಆ ಕಡೆಯಿಂದ ಕಾಗದದಂತೆ ಚಪ್ಪಟೆಯಾಗಿ ಬೀಳುತ್ತಿತ್ತು. ಅದನ್ನು ಎತ್ತಿ ನಮ್ಮ ಕೈಗೇ ಕೊಡುತ್ತಿದ್ದರು.

ಆ ಕಾಲದ ರೋಲರ್‌ಗಳಿಗೆಲ್ಲ ನಿಂತ ಇಬ್ಬರ ಕಾಲಡಿಯೂ ಒಂದೊಂದು ಪೆಡಲ್ ಇರುತ್ತಿತ್ತು. ಒತ್ತಿ ಹಿಡಿದಷ್ಟು ಹೊತ್ತು ಓಡುತ್ತದೆ. ಒಬ್ಬರು ಕಾಲೆತ್ತಿದರೂ ನಿಲ್ಲುತ್ತದೆ. ಚಾದರ ಸುಕ್ಕಾಯಿತೆಂದರೆ ಎಂಥವರ ಕೈಯೂ ಅದನ್ನು ನೇರ ಮಾಡಲು ಮುಂದೆ ಹೋಗುತ್ತದೆ. ಅದಕ್ಕೆ ಮೇಷ್ಟ್ರು, “ಕೈಗೆ ಹೇಳಿ ಪ್ರಯೋಜನ ಇಲ್ಲ, ಅದು ಮಾತು ಕೇಳೋ ಪೈಕಿ ಅಲ್ಲ. ಕಾಲಿಗೆ ಕಲಿಸಿ” ಅನ್ನುತ್ತಿದ್ದರು. ನಾವು ಚಾದರ ಕೊಡುತ್ತಾ ಹರಟೆಯಲ್ಲಿ ಮೈಮರೆತಾಗ ಹಿಂದಿನಿಂದ “ಸುಕ್ಕು!” ಎಂದು ಕೂಗುತ್ತಿದ್ದರು. ಕಾಲು ತಾನಾಗಿ ಮೇಲೇಳಬೇಕು. ಯೋಚನೆ ಮಾಡಿ ಎತ್ತಿದ ಕಾಲನ್ನು ಅವರು ಒಪ್ಪುತ್ತಿರಲಿಲ್ಲ. ಅದು ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ, ಗೊತ್ತಾಗುತ್ತಿತ್ತು.

ನನ್ನ ಜೋಡಿ ಗಿಣಿ. ಬಾಯಿ ಬಿಡುವಿಲ್ಲದೆ ಆಡುತ್ತಿದ್ದುದರಿಂದ ಆ ಹೆಸರು. ನನಗಿಂತ ಚಿಕ್ಕವಳು, ಗಂಡ ಲಾರಿಯವನು, ಮನೆಯಲ್ಲಿ ಅತ್ತೆ. ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಉಳಿದವಳು ಅವಳೇ.

“ನಿನ್ನ ಬಾಯಿ ನಿಂತ ದಿನ ಕಾಲು ಎದ್ದೇಳುತ್ತೆ ಕಣಮ್ಮ” ಅನ್ನುತ್ತಿದ್ದರು ಮೇಷ್ಟ್ರು.

“ಹಂಗಾದ್ರೆ ನನ್ನ ಇಲ್ಲೇ ನಿವೃತ್ತಿ ಮಾಡಿಸ್ಬಿಡಿ ಮೇಷ್ಟ್ರೇ” ಅನ್ನುತ್ತಿದ್ದಳು ಅವಳು.

ಆದರೆ ಒಮ್ಮೆ ಕಲಿತ ಮೇಲೆ ಅವಳ ಕಾಲಿನಷ್ಟು ಚುರುಕಾದ ಕಾಲು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಒಂದು ಸಲ ಬಸ್ಸಿನಲ್ಲಿ ಯಾರೋ ತಮ್ಮ ಅಂಗಿ ಸುಕ್ಕಾಯಿತು ಎಂದು ಗೊಣಗಿದರು. ಗಿಣಿಯ ಕಾಲು ಎದ್ದೇ ಬಿಟ್ಟಿತು. ಮುಂದೆ ಕೂತಿದ್ದವನಿಗೆ ಮಂಡಿ ತಾಗಿ, ಅವನಿಂದ ಬೈಸಿಕೊಂಡು, ಇಳಿಯುವವರೆಗೂ ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಹೀಗೆ ಅದೆಷ್ಟೋ ವರ್ಷ ಅವಳೂ ನಾನೂ ಒಂದೇ ಚಾದರದ ಎರಡು ಮೂಲೆ ಹಿಡಿದವರು. ಅವಳು “ಬಿಡು” ಅಂದಾಗ ನಾನು ಬಿಡುತ್ತಿದ್ದೆ.

ನನ್ನ ತಂಗಿಯ ಮಗಳು ಪುಟ್ಟಿಯನ್ನು ಅಲ್ಲಿಗೆ ಸೇರಿಸಿದವಳೂ ನಾನೇ. ತಂಗಿ ತೀರಿಕೊಂಡ ಮೇಲೆ ಅವಳು ನನ್ನ ಹತ್ತಿರವೇ ಬೆಳೆದವಳು. ಹೊಸಬರ ಹಿಂದೆ ನಿಂತು, ಮಣಿಕಟ್ಟು ಹಿಡಿದು, ಬೇಸರವಿಲ್ಲದೆ ಹೇಳಿದ್ದನ್ನೇ ಹೇಳುವ ಗುಣ ಅವಳಿಗಿತ್ತು. ಮೇಷ್ಟ್ರು ಅದನ್ನು ಕಂಡು ಅವಳನ್ನು ಶಾಲೆಗೆ ಎಳೆದುಕೊಂಡರು.

ಆಮೇಲೆ ಲಾಂಡ್ರಿ ಕೈ ಬದಲಾಯಿತು. ಹೊಸ ಮಾಲೀಕರು ಬಂದರು, ಬಾಗಿಲ ಮೇಲಿನ ಫಲಕವೂ ಬದಲಾಯಿತು. ‘ಕಲಿಕೆ ಮತ್ತು ಅಭಿವೃದ್ಧಿ ವಿಭಾಗ’ ಎಂದು ಗಾಜಿನ ಮೇಲೆ ಬರೆಸಿದರು. ಅದಕ್ಕೊಬ್ಬ ಮೇಡಂ ಬಂದರು. ಕೆಟ್ಟವರೇನಲ್ಲ, ಎಲ್ಲರನ್ನೂ ಬಾಯಿತುಂಬ ಮಾತಾಡಿಸುತ್ತಿದ್ದರು. ನಿಮಗೆ ಗೊತ್ತಿರುವುದನ್ನೆಲ್ಲ ಸಣ್ಣಸಣ್ಣ ವಿಡಿಯೊ ಮಾಡೋಣ ಎಂದು ಮೇಷ್ಟ್ರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದರು. ಮೇಷ್ಟ್ರು ಬಹಳ ಹೊತ್ತು ಕೈಗವಸು ಹಿಡಿದು ನಿಂತರು. “ಯಾರಿಗೆ ಹೇಳ್ಲಿ ಮೇಡಂ? ಮುಂದೆ ಯಾರೂ ಇಲ್ವಲ್ಲ” ಎಂದರು. ಇನ್ನೊಂದು ದಿನ ಪ್ರಯತ್ನಿಸೋಣ ಅಂದರು ಮೇಡಂ. ಆ ಇನ್ನೊಂದು ದಿನ ಬರಲಿಲ್ಲ. ಮೇಷ್ಟ್ರು ತಮ್ಮ ಕೊಡೆ ಎತ್ತಿಕೊಂಡು ಹೋದರು. ಬಿಸಿಯಾಗದ ರೋಲರನ್ನು ಗ್ಯಾಸಿನಲ್ಲಿ ಕತ್ತರಿಸಿ ಗುಜರಿಗೆ ಹಾಕಿದರು. ಅದಿದ್ದ ಜಾಗದಲ್ಲಿ ಮೇಜು, ಕಂಪ್ಯೂಟರ್ ಬಂದವು. ಫೋನು, ಕಂಪ್ಯೂಟರು ಗೊತ್ತಿದ್ದ ಪುಟ್ಟಿಯನ್ನು ಉಳಿಸಿಕೊಂಡರು.

ಅಲ್ಲಿಂದಾಚೆ ಪಾಠವೆಲ್ಲ ನಮ್ಮ ನಮ್ಮ ಫೋನಿಗೇ ಬರುತ್ತಿತ್ತು. ವಿಡಿಯೊ ನೋಡಬೇಕು, ಕೊನೆಗೆ ಕೇಳುವ ಪ್ರಶ್ನೆಗೆ ಉತ್ತರ ಒತ್ತಬೇಕು. ಕೆಲಸದ ಹಾಲ್‌ನ ಗೋಡೆಗೆ ದೊಡ್ಡ ಪರದೆ ಹಾಕಿದರು. ಪಾಠ ಮುಗಿಸಿದವರ ಹೆಸರು ಹಸಿರು, ಮುಗಿಸದವರದು ಕೆಂಪು. ಕೆಂಪಿದ್ದವರಿಗೆ ಬೆಳಿಗ್ಗೆ ಗೇಟೇ ತೆರೆಯುತ್ತಿರಲಿಲ್ಲ, ಅವತ್ತಿನ ಕೂಲಿ ಹೋಯಿತು.

ನಮ್ಮಲ್ಲಿ ಅರ್ಧ ಜನಕ್ಕೆ ಓದು ಸರಿಯಾಗಿ ಬಾರದು. ಇನ್ನರ್ಧ ಜನಕ್ಕೆ ಕೂತು ನೋಡಲು ಪುರಸೊತ್ತಿಲ್ಲ. ಗಿಣಿಯ ಫೋನಂತೂ ಒಡೆದ ಗಾಜಿನದು, ವಿಡಿಯೊ ಅರ್ಧಕ್ಕೇ ನಿಲ್ಲುತ್ತಿತ್ತು. ಪುಟ್ಟಿಯ ಮೇಲೆ ಮೇಡಂ, ಮೇಡಂ ಮೇಲೆ ಇನ್ಯಾರೋ, ಪರದೆಯೆಲ್ಲ ಹಸಿರಾಗಬೇಕು ಎಂದು ಕೂತಿದ್ದರು. ಹೀಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ಟೀ ಹೊತ್ತಿಗೆ ಪುಟ್ಟಿ ಒಗೆದ ಬಟ್ಟೆಯ ಬುಟ್ಟಿಯೊಂದನ್ನು ಹಿಡಿದು ಬರುತ್ತಿದ್ದಳು, ಎಲ್ಲರೂ ಅದರೊಳಗೆ ಫೋನು ಹಾಕುತ್ತಿದ್ದರು. ಅವಳು ಗಾಜಿನ ಕೋಣೆಯಲ್ಲಿ ಕೂತು ಒಂದೊಂದನ್ನೇ ಎತ್ತಿ ಪಟಪಟ ಒತ್ತಿ ಮುಗಿಸಿ, ಟೀ ಮುಗಿಯುವುದರೊಳಗೆ ವಾಪಸು ತರುತ್ತಿದ್ದಳು.

“ಪುಟ್ಟಿ, ಈ ಸಲ ನಂಗೆ ಎಷ್ಟು ಬಂತೇ?” ಅನ್ನುತ್ತಿದ್ದಳು ಗಿಣಿ.

“ಪೂರ್ತಿ ಬಂದಿದೆ ಗಿಣಿಯಕ್ಕ.”

“ನೋಡಿದ್ರಾ? ಇಡೀ ವಂಶದಲ್ಲಿ ಪಾಸಾದೋಳು ನಾನೊಬ್ಳೆ. ನಮ್ಮತ್ತೆಗೆ ಹೇಳಿ ಯಾರಾದ್ರೂ.”

ನಗುತ್ತಿದ್ದೆವು. ಅದು ಮೋಸ ಎಂದು ಯಾರಿಗೂ ಅನ್ನಿಸಿರಲಿಲ್ಲ. ಭಾರದ ಗಂಟನ್ನು ಒಬ್ಬರು ಎತ್ತಲಾರದಾಗ ಇನ್ನೊಬ್ಬರು ಕೈ ಹಾಕುತ್ತೇವಲ್ಲ, ಹಾಗೆ.

ಹೊಸ ರೋಲರ್ ಬಂದಾಗಲೂ ಅದೇ ಪದ್ಧತಿ ನಡೆಯಿತು. ವಾರದ ರಜೆಯ ದಿನ ಹಳೆಯದನ್ನು ಕಿತ್ತು ಇದನ್ನು ಕೂರಿಸಿದ್ದರು. ಬಹಳ ವೇಗ. ಪೆಡಲ್ ಇರಲಿಲ್ಲ. ಎದೆಮಟ್ಟದಲ್ಲಿ ಎರಡು ಗುಂಡಿ. ಹಳದಿ ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಅದರ ಪಾಠ ಫೋನಿಗೆ ಬಂತು, ಫೋನು ಬುಟ್ಟಿಗೆ ಹೋಯಿತು, ಪರದೆ ಹಸಿರಾಯಿತು. ಸೂಪರ್‌ವೈಸರ್ ಗುಂಡಿಗಳನ್ನು ಬೆರಳಲ್ಲಿ ತೋರಿಸಿ, “ಇದು ಓಡ್ಸಕ್ಕೆ, ಇದು ನಿಲ್ಸಕ್ಕೆ, ಎಲ್ಲ ಪಾಠದಲ್ಲೇ ಇದೆ” ಎಂದು ಹೋದ. ನಮಗೂ ಗೊತ್ತಾಯಿತು. ತಲೆಗೆ ಗೊತ್ತಾಯಿತು.

ಒಂದು ಮಧ್ಯಾಹ್ನ ಗಿಣಿ ಅತ್ತೆಯ ಗೊರಕೆಯನ್ನು ಅಣಕಿಸಿ ತೋರಿಸುತ್ತಿದ್ದಳು. “ಬಿಡು” ಅಂದಳು, ನಾನು ಬಿಟ್ಟೆ. ಚಾದರ ಅವಳ ಕಡೆಯಲ್ಲಿ ಮಡಚಿಕೊಂಡು ಸುಕ್ಕಾಯಿತು. ಅವಳ ಬಲಗಾಲು ನೆಲದಿಂದ ಮೇಲೆದ್ದಿತು. ನನ್ನದೂ ಎದ್ದಿತ್ತು. ನಿಂತಿರುವ ರೋಲರಿಗೆ ಕೈ ಹಾಕುವವಳಂತೆ, ಅವಸರವಿಲ್ಲದೆ, ಗೊರಕೆಯ ಸದ್ದು ಮಾಡುತ್ತಲೇ ಅವಳು ಕೈ ಚಾಚಿದಳು.

ಕೈ ತಗುಲಿದರೆ ತಾನಾಗಿ ನಿಲ್ಲುವ ಪಟ್ಟಿಯೊಂದು ಆ ಯಂತ್ರಕ್ಕಿತ್ತು. ನಿಂತಿತು. ಬೆರಳುಗಳು ಒಳಗೆ ಹೋದ ಮೇಲೆ ನಿಂತಿತು.

ಅವಳ ಬಲಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿಯಿತು.

ವಿಚಾರಣೆಗೆ ವಿಮೆಯ ಕಡೆಯಿಂದ ಒಬ್ಬರು ಬಂದರು. ಕೆಲಸ ಕಲಿಸದೆ ಯಂತ್ರದ ಮುಂದೆ ನಿಲ್ಲಿಸಿದ್ದರೆ ಗಿಣಿಯ ಆಸ್ಪತ್ರೆಯ ಖರ್ಚನ್ನೂ ಮುಂದಿನ ಜೀವನಕ್ಕೊಂದು ದಾರಿಯನ್ನೂ ಕಂಪನಿ ನೋಡಿಕೊಳ್ಳಬೇಕು. ಕಲಿತವಳು ಕಲಿತದ್ದನ್ನು ಮೀರಿದ್ದರೆ ಏನೂ ಇಲ್ಲ. ಅಷ್ಟೇ ಅವರು ತಿಳಿದುಕೊಳ್ಳಬೇಕಾಗಿದ್ದುದು. ಪಕ್ಕದಲ್ಲಿದ್ದವಳೆಂದು ನನ್ನನ್ನೂ ಕರೆದರು. ನಾನು ಕಾಲಿನ ವಿಷಯ ಹೇಳಿದೆ.

“ಕಾಲು ಸಿಕ್ಕಿಹಾಕಿಕೊಂಡಿತ್ತಾ?” ಎಂದರು.

“ಇಲ್ಲ ಸ್ವಾಮಿ. ಎತ್ತಿದ್ಲು.”

“ಈ ಯಂತ್ರಕ್ಕೆ ಕಾಲಿನ ಕೆಲಸವೇ ಇಲ್ಲವಲ್ಲಮ್ಮ.”

“ಅದೇ ಸ್ವಾಮಿ ನಾನು ಹೇಳ್ತಿರೋದು.”

ಅವರು ಪೆನ್ನಿನ ಮುಚ್ಚಳ ಹಾಕಿದರು. ನನಗೆ ಅದಕ್ಕಿಂತ ಬಿಡಿಸಿ ಹೇಳಲು ಬರಲಿಲ್ಲ.

ಆ ಸಂಜೆ ಪುಟ್ಟಿ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೊಸಿಲ ಮೇಲೆ ಕೂತಳು.

“ದೊಡ್ಡಮ್ಮ, ನಾಳೆ ನಾನು ಸಹಿ ಹಾಕ್ಬೇಕು.”

“ಏನಂತ?”

“ಗಿಣಿಯಕ್ಕನಿಗೆ ಹೊಸ ರೋಲರ್ ಪಾಠ ಕಲಿಸಿದ್ವಿ, ಅವಳು ಪೂರ್ತಿ ಅಂಕ ತಗೊಂಡಿದ್ದಾಳೆ ಅಂತ.”

ನಾನು ಅವಳ ಪಕ್ಕ ಹೊಸಿಲ ಮೇಲೆ ಕೂತೆ.

“ತಗೊಂಡಿದ್ದು ನಾನು” ಅಂದಳು. ಅಳಲಿಲ್ಲ. “ಮುಂಚೆ ಯಾರಿಗಾದ್ರೂ ಏನಾದ್ರೂ ಆದ್ರೆ, ಎಲ್ಲಿ ಕಲಿಸೋದ್ರಲ್ಲಿ ತಪ್ಪಿದ್ವಿ ಅಂತ ಮೇಷ್ಟ್ರು ತಲೆ ಕೆಡಿಸ್ಕೊಳ್ಳೋರು. ಈಗ ನಮ್ಮ ಕೋಣೆಗೆ ಬರೋ ಮೊದಲನೇ ಫೋನು ಏನು ಗೊತ್ತಾ? ದಾಖಲೆ ಸರಿಯಾಗಿದೆಯಾ ಅಂತ. ಗಿಣಿಯಕ್ಕನ್ನ ಇನ್ನೂ ಆಸ್ಪತ್ರೆಗೆ ಒಯ್ದಿರ್ಲಿಲ್ಲ ದೊಡ್ಡಮ್ಮ, ಆಗ್ಲೇ ಕೇಳಿದ್ರು.”

“ಮೇಡಂಗೆ ಬುಟ್ಟಿ ವಿಷಯ ಗೊತ್ತಿಲ್ವಾ?”

“ಗೊತ್ತು. ಗೊತ್ತಿಲ್ಲದ ಹಾಗಿರೋದೂ ಗೊತ್ತು.”

“ಸಹಿ ಹಾಕಿಲ್ಲಾಂದ್ರೆ?”

“ಕೆಲಸ ಹೋಗುತ್ತೆ. ಹಾಕಿದ್ರೆ ಗಿಣಿಯಕ್ಕ ಹೋಗ್ತಾಳೆ.” ಆಮೇಲೆ ನನ್ನ ಕಡೆ ತಿರುಗಿ, “ನೀನೇನಾದ್ರೂ ಹೇಳು ದೊಡ್ಡಮ್ಮ, ಕಲ್ಲಿನ ಹಾಗೆ ಕೂರ್ಬೇಡ” ಅಂದಳು.

“ನೀನು ಏನು ಹೇಳಿದ್ರೂ ಈ ಮನೇಲಿ ನಿಂಗೆ ಊಟ ಇದೆ” ಎಂದೆ. ನನ್ನ ಹತ್ತಿರ ಇದ್ದದ್ದು ಅಷ್ಟೇ.

ಮರುದಿನ ಅವಳು ಇದ್ದದ್ದು ಇದ್ದಂತೆ ಹೇಳಿಬಿಟ್ಟಳು. ಬುಟ್ಟಿಯ ವಿಷಯ, ಒಡೆದ ಫೋನಿನ ವಿಷಯ, ಗಿಣಿ ಆ ವಿಡಿಯೊವನ್ನು ಕಣ್ಣಿನಲ್ಲೂ ಕಂಡಿರಲಿಲ್ಲ ಎಂಬುದು, ಎಲ್ಲವನ್ನೂ. ಮೇಡಂ ಅವಳ ಭುಜದ ಮೇಲೆ ಕೈಯಿಟ್ಟು, “ನಿಜ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್ ಕಣಮ್ಮ” ಎಂದರಂತೆ. ಪುಟ್ಟಿ ಮನೆಗೆ ಬಂದು, ಗಿಣಿಯಕ್ಕ ಬಚಾವಾದಳು ಎಂದು ಅವತ್ತು ಹೊಟ್ಟೆ ತುಂಬ ಊಟ ಮಾಡಿದಳು.

ಕಾಗದ ಬಂದದ್ದು ವಾರ ಕಳೆದ ಮೇಲೆ. ಬೇರೆಯವರ ಪಾಠ ತಾನು ಮಾಡಿ ದಾಖಲೆ ಕೆಡಿಸಿದ್ದಕ್ಕೆ ಪುಟ್ಟಿಗೆ ಕೆಲಸವಿಲ್ಲ. ತನ್ನ ಪಾಠವನ್ನು ಬೇರೆಯವರಿಂದ ಮಾಡಿಸಿ, ಕಲಿಯದೆಯೇ ಕಲಿತೆ ಎಂದು ಕಂಪನಿಯನ್ನು ನಂಬಿಸಿದ್ದಕ್ಕೆ ಗಿಣಿಗೂ ಕೆಲಸವಿಲ್ಲ, ಪರಿಹಾರವೂ ಇಲ್ಲ. ಪುಟ್ಟಿ ಸಹಿ ಹಾಕಿದ್ದರೆ ಗಿಣಿ ಕಲಿತೂ ತಪ್ಪಿದವಳು, ಹಾಕದಿದ್ದರೆ ಕಲಿಯದೆ ವಂಚಿಸಿದವಳು. ಯಾವ ಕಡೆಯಿಂದ ಕೊಟ್ಟರೂ ಆ ಚಾದರ ಅಲ್ಲಿಗೇ ಹೋಗಿ ಬೀಳುತ್ತಿತ್ತು.

ಪುಟ್ಟಿ ಈಗ ಒಂದು ಅಂಗಡಿಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾಳೆ. ಗಿಣಿಯ ಮನೆಯ ಬೀದಿಯಲ್ಲಿ ಅವಳು ನಡೆಯುವುದಿಲ್ಲ. ಸುತ್ತು ಬಳಸಿ ಹೋಗುತ್ತಾಳೆ.

ಲಾಂಡ್ರಿಯಲ್ಲಿ ಹೊಸ ಪಾಠವೊಂದು ಬಂತು. ನಮ್ಮಲ್ಲಾದ ಅಪಘಾತದಿಂದಲೇ ಅದನ್ನು ಮಾಡಿದ್ದರು. ಈ ಸಲ ಬುಟ್ಟಿಯಿಲ್ಲ. ವಿಡಿಯೊ ನೋಡುವಾಗ ಫೋನು ನಮ್ಮ ಮುಖ ನೋಡುತ್ತಿರುತ್ತದೆ, ಮುಖ ಬದಲಾದರೆ ಪಾಠ ನಿಲ್ಲುತ್ತದೆ. ಸೋಮವಾರದೊಳಗೆ ಮುಗಿಸದವರಿಗೆ ಗೇಟಿಲ್ಲ.

ಭಾನುವಾರ ಗಿಣಿಯ ಮನೆಗೆ ಹೋದೆ. ಬಿಡುವಾದಾಗಲೆಲ್ಲ ಹೋಗುತ್ತಿದ್ದೆ, ಅವಳ ತಲೆ ಬಾಚಿ ಕೊಡುತ್ತಿದ್ದೆ. ಅತ್ತೆ ಬಾಗಿಲಲ್ಲೇ, “ಬಾ ತಾಯಿ, ಒಳಗೆ ಮಹಾರಾಣಿ ಕೂತಿದ್ದಾಳೆ, ಬಾಯಿ ಮಾತ್ರ ಇನ್ನೂ ಗಟ್ಟಿಯಾಗಿದೆ” ಅಂದಳು. ಹಾಗೆ ಅನ್ನುತ್ತಿದ್ದವಳೇ ಮೂರು ಹೊತ್ತೂ ಸೊಸೆಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು.

“ಅಕ್ಕ, ನನ್ನ ಸಿನಿಮಾ ಬಂದಿದೆಯಂತೆ?” ಅಂದಳು ಗಿಣಿ.

“ಯಾರು ಹೇಳಿದ್ದು?”

“ಬೀದಿಯೆಲ್ಲ ಹೇಳುತ್ತೆ. ತೋರ್ಸು.”

“ಬೇಡ ಕಣೆ.”

“ಕೈ ನಂದು, ನೋಡೋಕೆ ನಂಗೇ ಬೇಡ್ವಾ? ತೆಗಿ ಫೋನು.”

ಅಡುಗೆಕಟ್ಟೆಯ ಮೇಲೆ ಲೋಟಕ್ಕೆ ಒರಗಿಸಿ ಫೋನಿಟ್ಟೆ. ನಾನು ಅದರ ಮುಂದೆ ಸ್ಟೂಲಿನ ಮೇಲೆ, ಅವಳು ಪಕ್ಕದಲ್ಲಿ ಫೋನಿನ ಕಣ್ಣಿಗೆ ಬೀಳದಂತೆ. ಬೊಂಬೆಯ ಹಾಗೆ ಚಿತ್ರ ಬರೆದ ಹೆಂಗಸೊಬ್ಬಳು ಬಂದಳು. ತಲೆಗೆ ನೀಲಿ ವಸ್ತ್ರ. ಗಿಣಿ ಕಟ್ಟಿಕೊಳ್ಳುತ್ತಿದ್ದುದೂ ನೀಲಿಯೇ.

“ಇಷ್ಟು ದಪ್ಪ ಇದೀನಾ ನಾನು?” ಅಂದಳು ಗಿಣಿ.

ಬೊಂಬೆ ಪಕ್ಕದವಳೊಡನೆ ಮಾತಾಡಿತು, ನಕ್ಕಿತು. ಚಾದರ ಸುಕ್ಕಾಯಿತು. ಬೊಂಬೆ ಕೈ ಹಾಕಿತು. ಪರದೆ ಕೆಂಪಾಯಿತು.

“ಸೊಂಟದಿಂದ ಕೆಳಗೆ ತೋರ್ಸೇ ಇಲ್ಲ ನೋಡು” ಅಂದಳು ಗಿಣಿ, ಮೆಲ್ಲಗೆ. “ನನ್ನ ಕಾಲೇ ಇಲ್ಲ ಅದ್ರಲ್ಲಿ.”

ಆಮೇಲೆ ಪ್ರಶ್ನೆ ಬಂತು. ಅಪಘಾತಕ್ಕೆ ಕಾರಣ ಯಾರು? ಮೂರು ಉತ್ತರ. ಯಂತ್ರ. ತರಬೇತಿಯ ಕೊರತೆ. ಪಾಠವನ್ನು ಪಾಲಿಸದ ಕೆಲಸಗಾರ್ತಿ. ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳಿತು.

ನಾನು ಎರಡನೆಯದನ್ನು ಒತ್ತಿದೆ.

“ಮತ್ತೊಮ್ಮೆ ಪ್ರಯತ್ನಿಸಿ” ಎಂದು ಪಾಠ ಮೊದಲಿನಿಂದ ಶುರುವಾಯಿತು. ಬೊಂಬೆ ನಕ್ಕಿತು. ಸುಕ್ಕಾಯಿತು. ಕೈ ಹೋಯಿತು.

ಮೊದಲನೆಯದನ್ನು ಒತ್ತಿದೆ. ಬೊಂಬೆ ನಕ್ಕಿತು. ಸುಕ್ಕಾಯಿತು. ಪಕ್ಕದಲ್ಲಿ ಏನೋ ಅಲುಗಿದಂತಾಗಿ ಕೆಳಗೆ ನೋಡಿದೆ. ಗಿಣಿಯ ಬಲಗಾಲು ನೆಲದಿಂದ ಎದ್ದಿತ್ತು. ಕೈ ಒಳಗೆ ಹೋದ ಮೇಲೆ ಮೆಲ್ಲಗೆ ಇಳಿಯಿತು.

“ಮೂರನೇದು ಒತ್ತು ಅಕ್ಕ.”

“ಒತ್ತಲ್ಲ.”

“ಒತ್ತದಿದ್ರೆ ಮತ್ತೆ ಮೊದ್ಲಿಂದ ತೋರ್ಸುತ್ತೆ.”

“ತೋರಿಸ್ಲಿ. ನಾಳೆ ಹೋಗದಿದ್ರೂ ಪರ್ವಾಗಿಲ್ಲ.”

“ನಿಂಗೆ ಪರ್ವಾಗಿಲ್ಲ” ಅಂದಳು ಗಿಣಿ. “ಎಷ್ಟು ಸಲ ಅಕ್ಕ ನಾನು ಕೈ ಕೊಡ್ಲಿ?”

ನನಗೆ ಕೈ ಎತ್ತಲಾಗಲಿಲ್ಲ. ಮುಖ ಮಾತ್ರ ಫೋನಿನ ಎದುರಿಗಿತ್ತು. ಅವಳು ನನ್ನ ತೋಳಿನ ಕೆಳಗಿನಿಂದ ಎಡಗೈ ತೂರಿಸಿ, ಮೂರನೆಯದನ್ನು ಒತ್ತಿದಳು. ಫೋನು ನನ್ನ ಮುಖ ನೋಡಿ ಒಪ್ಪಿತು. ಅಭಿನಂದನೆ ಎಂದಿತು. ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿದವು.

“ನೀನೂ ಪಾಸು” ಅಂದಳು. “ಪುಟ್ಟಿಗೆ ಹೇಳು, ಆ ಫೋನನ್ನ ಬುಟ್ಟಿಗೆ ಹಾಕಿದ್ದು ನಾನೇ ಅಂತ. ಅವಳು ಕಿತ್ಕೊಂಡು ಹೋಗ್ಲಿಲ್ಲ. ಬಂದು ಹೋಗೋಕೆ ಹೇಳು.”

ನಾನು ತಲೆಯಾಡಿಸಿದೆ. ಹೊರಡಲು ಎದ್ದೆ.

“ನಿಲ್ಲು” ಅಂದಳು. “ನಾಳೆ ಅದರ ಮುಂದೆ ನಿಲ್ಲೋಳು ನೀನು. ಆ ಸಿನಿಮಾದಲ್ಲಿ ಏನು ಕಲ್ತೆ?”

“ಏನಿಲ್ಲ.”

“ಹಂಗಾದ್ರೆ ಬಾ ಇಲ್ಲಿ.”

ಮಂಚದ ಮೇಲಿನ ಚಾದರ ಎಳೆದು ತಂದಳು. ಅಡುಗೆಕಟ್ಟೆಯ ಅಂಚೇ ರೋಲರ್ ಎಂದಳು. ಗೋಡೆಯ ಗೂಡಿನಲ್ಲಿ, ನನ್ನ ಎದೆಮಟ್ಟಕ್ಕೆ, ಯಾವುದೋ ಡಬ್ಬಿಯ ಕೆಂಪು ಮುಚ್ಚಳ ಇಟ್ಟಳು. ಅದು ನಿಲ್ಲಿಸುವ ಗುಂಡಿ, ಸುಕ್ಕು ಅಂದಾಗ ಕೈ ಅದಕ್ಕೆ ಹೋಗಬೇಕು. ಅವಳು ಎಡಗೈಯಲ್ಲಿ ಒಂದು ಮೂಲೆ ಹಿಡಿದಳು, ಇನ್ನೊಂದನ್ನು ನಾನು. ಅತ್ತೆ ಬಾಗಿಲಿಗೆ ಬಂದು ನೋಡುತ್ತಾ ನಿಂತಳು.

“ಬಿಡು” ಅಂದಳು ಗಿಣಿ. ಬಿಟ್ಟೆ.

“ನಮ್ಮತ್ತೆ ನಿನ್ನೆ ಏನು ಮಾಡಿದ್ಲು ಗೊತ್ತಾ ಅಕ್ಕ, ಒಲೆ ಮೇಲೆ ಹಾಲಿಟ್ಟು... ಸುಕ್ಕು!”

ನನ್ನ ಕಾಲು ಎದ್ದಿತು.

“ಮತ್ತೆ” ಅಂದಳು.

ಚಾದರ ಎಳೆದುಕೊಂಡೆವು. ಅವಳು ಕಥೆ ಶುರು ಮಾಡಿದಳು, ನಡುವೆ ಕೂಗಿದಳು, ನನ್ನ ಕಾಲು ಎದ್ದಿತು. ಮತ್ತೆ ಎದ್ದಿತು. ಕೆಂಪು ಮುಚ್ಚಳ ಇಟ್ಟಲ್ಲೇ ಇತ್ತು. ಕಿಟಕಿಯ ಬೆಳಕು ಕಟ್ಟೆಯಿಂದ ನೆಲಕ್ಕೆ ಇಳಿಯಿತು, ಗಿಣಿಯ ಗಂಟಲು ಕಟ್ಟಿತು, ಅತ್ತೆ ಅವಳಿಗೆ ನೀರು ಕುಡಿಸಿದಳು.

“ಮತ್ತೆ ಅಕ್ಕ” ಅಂದಳು. “ಕಾಲನ್ನ ನಂಬಬೇಡ. ಮತ್ತೆ.”